ಕಾಯಶುದ್ಧಿ

ಶೇಡಬಾಳದ ನಮ್ಮ ಮನೆಯಲ್ಲಿ ಹುಡುಗಿಯ ಓದು ಮುಗಿಯುವುದಕ್ಕೆ ಪರೀಕ್ಷೆ ಬೇಕಿರಲಿಲ್ಲ, ಮೈನೆರೆದರೆ ಸಾಕಿತ್ತು. ನನ್ನಕ್ಕ ಏಳನೆಯ ಇಯತ್ತೆಯಲ್ಲಿ ದೊಡ್ಡವಳಾದಳು. ಆರತಿ ಮಾಡಿದರು, ಉಡಿ ತುಂಬಿದರು, ಪಾಟಿಚೀಲವನ್ನು ಅಟ್ಟಕ್ಕೆ ಹಾಕಿದರು. ಮರುವರ್ಷ ಅಥಣಿಯ ಕಡೆ ಕೊಟ್ಟರು. "ಹೆಣ್ಣು ದೊಡ್ಡಾಕಿ ಆದಮ್ಯಾಲ ಸಾಲಿ ಯಾತಕ್ಕ?" ಎಂಬುದು ಅಪ್ಪನ ತಾಯಿ, ನಮ್ಮ ಆಯಿ, ಮಾಡಿದ ಕಾಯಿದೆ. ಅದಕ್ಕೆ ಅಪೀಲಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಎಂಟನೆಯ ಇಯತ್ತೆ, ಲೆಕ್ಕದಲ್ಲಿ ಗಂಡುಹುಡುಗರಿಗೆ ನೀರು ಕುಡಿಸುತ್ತಿದ್ದೆ. ದೀಪಾವಳಿಯ ಮುಂದೆ ನಾನೂ ಹೊರಗಾದೆ. ಯಾರಿಗೂ ಹೇಳಲಿಲ್ಲ, ಅವ್ವನಿಗೂ ಇಲ್ಲ. ಬಟ್ಟೆಯನ್ನು ಹಿತ್ತಲಿನ ಕಣಿಕೆ ಬಣವೆಯ ಹಿಂದೆ ಒಣಗಿಸುತ್ತಿದ್ದೆ. ನಾಲ್ಕು ತಿಂಗಳು ಹೀಗೆ ನನ್ನ ಮನೆಯಲ್ಲೇ ಕಳ್ಳಿಯಾಗಿದ್ದೆ. ಆಯಿ ಸುಮ್ಮನೆ ಹೆಸರು ಹಿಡಿದು ಕರೆದರೂ ನನ್ನ ಕಣ್ಣು ಬಣವೆಯ ಕಡೆ ಹೋಗುತ್ತಿತ್ತು.

ಆಗ ಊರಿಗೆ ನಮ್ಮ ಜೈನರ ಮುನಿಮಹಾರಾಜರು ಬಂದರು. ಅವರು ಆಹಾರ ತೆಗೆದುಕೊಳ್ಳುವುದು ದಿನಕ್ಕೊಮ್ಮೆ, ಒಂದೇ ಮನೆಯಲ್ಲಿ. ಯಾರ ಬಾಗಿಲಲ್ಲಿ ನಿಲ್ಲುತ್ತಾರೆಂದು ಮೊದಲೇ ತಿಳಿಯದು. ಅದಕ್ಕೇ ಓಣಿಯ ಮನೆಮನೆಯಲ್ಲೂ ಮಡಿಯಿಂದ ಅಡುಗೆ ಮಾಡಿ, ಕಲಶ ಹಿಡಿದು ಕಾಯುತ್ತಿದ್ದರು. ಅವರು ನಿಂತರೆ, ಬಡಿಸುವವರೆಲ್ಲ ಬಾಯಿಬಿಟ್ಟು ಹೇಳಬೇಕು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ.

ಆಯಿ ನಮ್ಮಲ್ಲೂ ಅಡುಗೆ ಹೂಡಿಸಿದಳು. ಅವ್ವ ನನಗೆ ಅಕ್ಕನ ಹಳೆಯ ಸೀರೆ ಉಡಿಸಿ, ಕಲಶ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅಷ್ಟರಲ್ಲಿ ನನಗೆ ಶುರುವಾಗಿತ್ತು, ಐದು ದಿನ ಮೊದಲೇ. ಹೇಳಿದರೆ ಶಾಲೆ ಹೋಯಿತು. ಹೇಳದಿದ್ದರೆ ಸ್ವಾಮಿಗಳ ಮುಂದೆ ಸುಳ್ಳಾಡಿದ ಪಾಪ. ಈಗ ಯಾರಾದರೂ ನಗಬಹುದು, ಆದರೆ ಆಗ ನಾನು ನರಕವನ್ನು ನಂಬಿದ್ದೆ. ಮುಂದಿನ ಮನೆಗೆ ಹೋಗಲಪ್ಪಾ ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ. ಅವರು ನಮ್ಮ ಬಾಗಿಲಲ್ಲೇ ನಿಂತರು.

"ನಮೋಸ್ತು, ನಮೋಸ್ತು" ಎಂದು ಆಯಿ ತಲೆಬಾಗಿದಳು. ಅವರಿಗೆ ಮೂರು ಸುತ್ತು ಹಾಕಿದೆವು. ಮೂರನೆಯ ಸುತ್ತಿಗೆ ನನ್ನ ಕಲಶದ ನೀರು ತುಳುಕಿತು. ಅವ್ವ ನನ್ನ ಮುಖ ನೋಡಿದಳು, ಆಮೇಲೆ ಸೀರೆಯ ಹಿಂಬದಿ ನೋಡಿದಳು. ಆಯಿ "ಮನಶುದ್ಧಿ" ಎಂದು ಶುರುಮಾಡಿಯೇಬಿಟ್ಟಿದ್ದಳು. ಅವ್ವ ನನ್ನ ರಟ್ಟೆ ಹಿಡಿದೆಳೆದು ತನ್ನ ಬೆನ್ನಹಿಂದೆ ಹಾಕಿಕೊಂಡಳು.

"ತಡೀರಿ ಅತ್ತಿ. ನಾ ಹೊರಗಾಗೀನ್ರಿ."

ಸ್ವಾಮಿಗಳು ತಿರುಗಿ ನಡೆದರು. ಎರಡು ಮನೆ ದಾಟಿ ಅವರಿಗೆ ಆಹಾರವಾಯಿತೆಂದು ತಿಳಿದಮೇಲೆಯೇ ನನಗೆ ಉಸಿರು ಬಂದದ್ದು.

"ಮೂರ ಹಡದಾಕಿ, ನಿನ್ನ ಮೈ ನಿನಗ ತಿಳೀಲಿಲ್ಲೇನ? ಬಾಗಲಿಗೆ ಬಂದ ಪುಣ್ಯಾನ ಹೊಳ್ಳಿ ಕಳಿಸಿದ್ಯಲ್ಲ ಬೇ!" ಓಣಿಗೆಲ್ಲ ಕೇಳುವಂತೆ ಆಯಿ ಒದರಿದಳು. ಅವ್ವ ತಲೆ ಎತ್ತಲಿಲ್ಲ. "ಈಕಿನೂ ನನ್ನ ಮುಟ್ಯಾಳ್ರಿ, ಝಳಕ ಮಾಡ್ಲಿ" ಎಂದು ನನ್ನನ್ನು ಬಚ್ಚಲಿಗೆ ಅಟ್ಟಿದಳು. ತಾನು ಕೊಟ್ಟಿಗೆಯ ಪಕ್ಕ ಗೋಣಿತಟ್ಟಿನ ಮೇಲೆ ಮೂರು ದಿನ ಕೂತಳು.

ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಹನ್ನೆರಡನೆಯ ದಿನಕ್ಕೆ ಅವ್ವ ನಿಜವಾಗಿಯೂ ಹೊರಗಾದಳು. ಬಚ್ಚಲಲ್ಲಿ ಅವಳು ಬಟ್ಟೆ ಹಿಂಡುವುದನ್ನು ಕಂಡು ನನ್ನ ಜೀವ ಹಾರಿತು. ಆಯಿ ಬೆರಳು ಮಡಚಿ ಸೊಸೆಯ ದಿನ ಎಣಿಸುವವಳು. ಅವ್ವ ಮತ್ತೆ ಹೊರಗೆ ಕೂತರೆ, ಹಾಗಾದರೆ ಅವತ್ತು ಆದವಳು ಯಾರು ಎಂದು ನನ್ನ ಕಡೆಗೇ ತಿರುಗುತ್ತಿದ್ದಳು. ಅವ್ವ ಕೂಡಲಿಲ್ಲ. ನೇರ ಒಳಗೆ ಹೋಗಿ ಹಿಟ್ಟು ನಾದಿದಳು. ಮದುವೆಯಾಗಿ ಬಂದಾಗಿನಿಂದ ಆ ದಿನಗಳಲ್ಲಿ ಒಲೆ ಮುಟ್ಟದವಳು. ಮಡಿ ಮೈಲಿಗೆಯನ್ನು ನಾನು ಹೆದರಿ ನಂಬಿದವಳು, ಅವ್ವ ಮನಸಾರೆ ನಂಬಿದವಳು.

ಮೂರು ದಿನ ಎಲ್ಲರಿಗೂ ಬಡಿಸಿ ತಾನು ಬರೀ ನೀರು ಕುಡಿದಳು. "ಸ್ವಾಮಿಗಳ್ನ ಹೊಳ್ಳಿ ಕಳಿಸಿದ್ದಕ್ಕ ಉಪಾಸ ಹಿಡದಾಳ. ಈಗರೆ ಬುದ್ಧಿ ಬಂತು" ಎಂದು ಆಯಿ ಸಮಾಧಾನಪಟ್ಟಳು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಒಲೆಯ ಬಳಿ ಕೂತು ಪಿಸುಗುಟ್ಟಿದೆ, "ಅವ್ವಾ, ಆಯಿಗೆ ಹೇಳಿಬಿಡ್ತೀನಿ. ನನಗ ಸಾಲಿ ಬ್ಯಾಡ."

ಅವ್ವ ನನ್ನ ಕಡೆ ನೋಡದೆ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಈಗ ಹೇಳಿದಿ ಅಂದ್ರ ನಾ ಕಟ್ಟಿಕೊಂಡ ಪಾಪೆಲ್ಲ ದಂಡ ಆಗತೈತಿ. ಉಣ್ಣು, ಹೊತ್ತಾತು."

ಆ ರೊಟ್ಟಿಯನ್ನೇ ನನಗೆ ಬಡಿಸಿದಳು. ಉಂಡು ಶಾಲೆಗೆ ಹೋದೆ.