ಹೊನ್ನಯ್ಯ ಓದದೆ ಬಿಟ್ಟ ಕೀರ್ತನೆ

ತರೀಕೆರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೊನ್ನಯ್ಯ ತೀರಿಕೊಂಡ ಮೇಲೆ ಅವನ ಹೆಂಡತಿ ಅಂಜಿನಮ್ಮನಿಗೆ ಸಂಜೆ ಕಳೆಯುವುದೇ ಕಷ್ಟವಾಯಿತು. ಅವನಿದ್ದಾಗ ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಸತ್ಯವೇದ ತೆರೆದು ಗಟ್ಟಿಯಾಗಿ ಓದುತ್ತಿದ್ದ. ಅಕ್ಷರ ಬಾರದ ಅವಳು ಸೊಪ್ಪು ಸೋಸುತ್ತ ಕೇಳುತ್ತಿದ್ದಳು. ಮಕ್ಕಳಾಗಿರಲಿಲ್ಲ. ಇಬ್ಬರೂ ಯೇಸುವನ್ನು ನಂಬಿದ ಮೇಲೆ ಚೌಳಹಿರಿಯೂರಿನ ತವರಿನವರು ಈ ಕಡೆ ತಲೆ ಹಾಕಿರಲಿಲ್ಲ.

ಈಗ ಪುಸ್ತಕ ಗೂಡಿನಲ್ಲಿ ಸುಮ್ಮನೆ ಕೂತಿತು. ಪಕ್ಕದ ಮನೆಯ ಮಾಲಿನಿ ಒಂದೆರಡು ಸಂಜೆ ಬಂದು ಓದಿದಳು. ಆಮೇಲೆ, “ನಮ್ಮತ್ತೆ ಬೈತಾರೆ ಕಣಜ್ಜಿ, ತಪ್ಪು ತಿಳ್ಕೋಬೇಡಿ,” ಎಂದಳು. ಅಂಜಿನಮ್ಮ ತಪ್ಪು ತಿಳಿಯಲಿಲ್ಲ. ಆದರೆ ಓದಿ ಹೇಳುವುದಕ್ಕೆ ಮತ್ತೆ ಯಾರೂ ಇಲ್ಲವಾದರು.

ಒಂದು ಮಧ್ಯಾಹ್ನ ಅವಳೇ ಪುಸ್ತಕ ತೆಗೆದಳು. ಗಂಡನ ಬೆರಳು ತಾಗಿ ಮಾಸಿದ ಪುಟ ತಾನಾಗಿ ತೆರೆದುಕೊಂಡಿತು. ಅವನು ಮತ್ತೆ ಮತ್ತೆ ಓದುತ್ತಿದ್ದ, ದೇವರನ್ನು ಕುರುಬನೆಂದು ಹಾಡುವ ಕೀರ್ತನೆ ಅದೇ ಎಂದು ಬಲ್ಲಳು. ಪೂರ್ತಿ ಬಾಯಿಗೆ ಬರುತ್ತಿತ್ತು. ಹೇಳಿಕೊಳ್ಳುತ್ತ ಸಾಲಿನ ಮೇಲೆ ಬೆರಳಿಟ್ಟರೆ ಬಾಯಿ ಒಂದು ಕಡೆ, ಬೆರಳು ಇನ್ನೊಂದು ಕಡೆ. ಕಡೂರಿನ ಬಸ್ಸಿನ ಬೋರ್ಡನ್ನು ಮಾತ್ರ ಅವಳು ಆಕಾರದಿಂದಲೇ ಗುರುತು ಹಿಡಿಯುತ್ತಿದ್ದಳು. ‘ಕಡೂರು’ ಎಂಬುದರ ಕೊನೆಯ ಅಕ್ಷರ ಪುಟದಲ್ಲೂ ಕಂಡಿತು, ‘ಕುರುಬ’ ಎನ್ನುವಲ್ಲಿ, ನಟ್ಟನಡುವೆ. ಅಂದಿನಿಂದ ದಿನವೂ ನಿಲ್ದಾಣದಲ್ಲಿ ನಿಂತು, ಕಂಡಕ್ಟರುಗಳು ಕೂಗುವ ಊರಿನ ಹೆಸರನ್ನು ಬೋರ್ಡಿನ ಅಕ್ಷರಗಳಿಗೆ ಹೊಂದಿಸಿ ನೋಡಿದಳು. “ಹತ್ತಜ್ಜಿ, ಬಸ್ ಹೊರಡ್ತು,” ಎನ್ನುವ ಕಂಡಕ್ಟರಿಗೆ ತಲೆ ಅಲ್ಲಾಡಿಸಿ ಮನೆಗೆ ಬಂದು, ಅವೇ ಅಕ್ಷರಗಳನ್ನು ಬಾಯಿಗೆ ಬರುವ ಕೀರ್ತನೆಯಲ್ಲಿ ಹುಡುಕುತ್ತಿದ್ದಳು.

ಚಳಿಗಾಲದ ಹೊತ್ತಿಗೆ ತಡವರಿಸಿಕೊಂಡು ಓದುವಷ್ಟಾದಳು. ಹಾಗೆ ಓದುತ್ತಿರುವಾಗ ಎಂದೂ ಕೇಳಿರದ ಕೀರ್ತನೆಯೊಂದು ಸಿಕ್ಕಿತು. ಅದರಲ್ಲಿ ಒಬ್ಬ ದೇವರನ್ನು ಕೂಗುತ್ತಾನೆ, ಬೇಕಾದವರೆಲ್ಲ ದೂರವಾದರೆಂದು ಅಳುತ್ತಾನೆ. ಮುಗಿಯುವಾಗಲೂ ಕತ್ತಲಲ್ಲೇ ಇರುತ್ತಾನೆ.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ರಘುನಾಥರಿಗೆ ಆ ಪುಟ ತೋರಿಸಿ ಕೇಳಿದಳು: “ಅಯ್ನೋರೇ, ಇದನ್ನ ನಮ್ಮನೆಯವ್ರು ಯಾವತ್ತೂ ಓದ್ಲೇ ಇಲ್ವಲ್ಲ?”

“ನೀವು ನೊಂದ್ಕೋತೀರ ಅಂತ ಬಿಟ್ಟಿರ್ಬೇಕು ಕಣಮ್ಮ. ಸಮಾಧಾನದ್ದು ಬೇಕಾದಷ್ಟೈತೆ, ಅದನ್ನ ಓದಿ.”

“ಅದೆಲ್ಲ ಬಾಯಿಗೇ ಬತ್ತದೆ. ಇವ್ನು ನನ್ನಂಗೇ ಕೂತವ್ನೆ ಅಯ್ನೋರೇ. ನಂಗ್ಯಾರೂ ಇಲ್ಲ ಅಂತ ದೇವ್ರ ಮುಂದೇನೇ ಹೇಳವ್ನೆ. ಹಂಗೆ ಹೇಳ್ಬೋದು ಅಂತ ನಂಗೊತ್ತಿರ್ಲಿಲ್ಲ.”



ಗಂಡ ಸತ್ತ ದಿನ ಎಲ್ಲರೂ ದೇವರ ಚಿತ್ತ ಎಂದಿದ್ದರು. ಅವಳೂ ಹೂಂಗುಟ್ಟಿ ಅಳು ನುಂಗಿದ್ದಳು. ಈಗ ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೇಳಿದಳು: “ನನ್ನೊಬ್ಳನ್ನೇ ಯಾಕಪ್ಪಾ ಬಿಟ್ಟೆ?” ಪಕ್ಕದ ಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಅತ್ತಳು. ಉತ್ತರವೇನೂ ಬರಲಿಲ್ಲ. ಅತ್ತು ಸಾಕಾದ ಮೇಲೆ ಮುಖ ತೊಳೆದು, ಒಂದು ಮುದ್ದೆಗಾಗುವಷ್ಟು ಎಸರಿಟ್ಟಳು.