ಹೊಂಗೆ ಮರದ ಬುಡಕ್ಕೆ ಹಾಕಿದ ಹೂವು

ಮೈಸೂರಿಗೆ ಬಂದ ಮೂರನೇ ದಿನವೇ ನಮ್ಮ ಮನೆಯ ಕಸ ಬೀದಿಯವರೆಲ್ಲ ನೋಡುವಂತೆ ಹರಡಿಕೊಂಡಿತು. ವಿಜಯನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದಿದ್ದೆವು. ಬೆಳಿಗ್ಗೆ ಸೀಟಿ ಊದಿದ್ದು ಕೇಳಿ ಮಿಕ್ಕಿದ ಅನ್ನ, ಸೊಪ್ಪಿನ ದಂಟು, ಹಾಲಿನ ಕವರು, ಒಡೆದ ಗಾಜಿನ ಲೋಟ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಇಳಿದು ಹೋದೆ. ಕಸದ ತಳ್ಳುಗಾಡಿಯ ಹೆಂಗಸು ಗಂಟು ಬಿಚ್ಚಿ ಅಲ್ಲೇ ನೆಲಕ್ಕೆ ಸುರಿದಳು.

"ಇದೇನಕ್ಕ ಇಂಗ್ ಕೊಡ್ತೀರಿ? ಗಾಜು ಕೈ ಕುಯ್ದ್ರೆ ಏನ್ ಮಾಡನ? ಹಸೀದು ಬ್ಯಾರೆ, ಒಣಗಿದ್ದು ಬ್ಯಾರೆ ಕಣಕ್ಕ."

ಗೇಟಿನ ಹತ್ತಿರ ನಿಂತಿದ್ದ ಮನೆ ಓನರಮ್ಮ, "ಹಳ್ಳಿ ಕಡೆಯೋರು, ಕಲ್ತ್ಕೋತಾರೆ ಬುಡು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಳ್ಳಿಯವರಿಗೆ ಕಸ ಗೊತ್ತಿಲ್ಲವೇ? ನಮ್ಮೂರಿನಲ್ಲಿ ಎಲ್ಲವೂ ತಿಪ್ಪೆಗೆ ಹೋಗಿ, ಗೊಬ್ಬರವಾಗಿ, ಹೊಲಕ್ಕೇ ಬರುತ್ತಿತ್ತು. ಆದರೆ ಅದನ್ನು ಹೇಳುವ ಹೊತ್ತು ಅದಲ್ಲ. ಕೂತು, ನನ್ನದೇ ಕಸವನ್ನು ನಾನೇ ಆರಿಸಿ ಎರಡು ಮಾಡಿಕೊಟ್ಟೆ.

ಮುಂದಿನ ದಿನಗಳಲ್ಲಿ ಕಲಿಸಿದವಳು ಗಾಡಿಯ ಆ ಹೆಂಗಸೇ. ಹಾಲಿನ ಕವರು ತೊಳೆದು ಒಣಗಿಸಬೇಕು, ಬ್ಲೇಡು, ಗಾಜು ಪೇಪರಿನಲ್ಲಿ ಸುತ್ತಿ ಕೈಗೇ ಕೊಡಬೇಕು, ತೆಂಗಿನ ಚಿಪ್ಪು ಒಣ ಕಸ, ನಾರು ಬೇರೆ. ಹದಿನೈದು ದಿನದಲ್ಲಿ ನಾನು ಎಷ್ಟು ಜಾಣೆಯಾದೆನೆಂದರೆ, ಟೀ ಪುಡಿಯ ಚರಟವನ್ನು ತಪ್ಪು ಬಕೆಟ್ಟಿಗೆ ಹಾಕಿದ್ದಕ್ಕೆ ಗಂಡನನ್ನು ಬೈಯುವಷ್ಟು. ಆಕೆ ಗಾಡಿ ನಿಲ್ಲಿಸಿದಾಗ ಎರಡು ಮಾತಾಡುತ್ತಿದ್ದೆವು. ಆಕೆಯ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಮನೆ ಇಲ್ಲೇ ಹಿಂದಿನ ಕಾಲೊನಿಯಲ್ಲಿ. ಹತ್ತು ಗಂಟೆಗೆ ಓಡಿಹೋಗಿ ಅವನನ್ನು ಮಗ್ಗುಲು ಹೊರಳಿಸಿ, ಉಣ್ಣಿಸಿ, ಮತ್ತೆ ಗಾಡಿಗೆ ಬರುತ್ತಿದ್ದಳು. "ಈ ಬೀದಿ ಸಿಕ್ಕಿದ್ದೇ ನನ್ ಪುಣ್ಯ ಕಣಕ್ಕ" ಎನ್ನುತ್ತಿದ್ದಳು.

ಎಲ್ಲ ಕಲಿತರೂ ಒಂದನ್ನು ಮಾತ್ರ ಯಾವ ಬಕೆಟ್ಟಿಗೂ ಹಾಕಲಾಗಲಿಲ್ಲ. ದಿನಾ ಲಿಂಗಪೂಜೆ ಮಾಡುವವಳು ನಾನು. ಪೂಜೆ ಮಾಡಿ ತೆಗೆದ ಹೂವು, ಪತ್ರೆಯನ್ನು ಯಾರೂ ತುಳಿಯದ ಕಡೆ, ಮರದ ಬುಡಕ್ಕೆ ಹಾಕಬೇಕು. ಊರಿನಲ್ಲಿ ಹಿತ್ತಲ ತೆಂಗಿನ ಮರವಿತ್ತು. ಇಲ್ಲಿ ಕಾಂಪೌಂಡಿನಿಂದ ಕಾಂಪೌಂಡಿಗೆ ಬರೀ ಸಿಮೆಂಟು. ಹಸಿ ಕಸದ ಗಾಡಿಯಲ್ಲಿ ಮೀನಿನ ಮುಳ್ಳಿನ ಜೊತೆ ಪೂಜೆಯ ಹೂವು ಹೋಗುವುದೇ ಎಂದು ಗಂಡನ ಮುಂದೆ ಹೇಳಿದೆ. ಅದು ಅರ್ಧ ನಿಜ. ಲಿಂಗದ ಮೇಲಿದ್ದ ಹೂವನ್ನು ಕಸದವಳ ಕೈಗೆ ಕೊಡುವುದು ಹೇಗೆ ಎನ್ನುವುದು ಇನ್ನರ್ಧ. ಅದನ್ನು ಗಂಡನಿಗೂ ಹೇಳಲಿಲ್ಲ. ಮೇಲಿಲ್ಲ ಕೀಳಿಲ್ಲ ಎಂದು ಮಠದ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ತೆಗೆದುಕೊಂಡವಳು ನಾನು.

ಬೀದಿಯ ಮೂಲೆಯಲ್ಲಿ ಖಾಲಿ ಸೈಟು, ಅದರಲ್ಲೊಂದು ಹೊಂಗೆ ಮರ. ಹೂವನ್ನು ಕವರಿನಲ್ಲಿ ತುಂಬಿಕೊಂಡು ಹೋಗಿ ಬುಡಕ್ಕೆ ಸುರಿದು ಬರತೊಡಗಿದೆ. ಆಮೇಲಾಮೇಲೆ ಸುರಿಯುವುದಕ್ಕೂ ಸೋಮಾರಿತನ. ಕವರಿನ ಸಮೇತ ಇಟ್ಟು ಬಂದುಬಿಡುತ್ತಿದ್ದೆ. ಮಾರನೆಯ ದಿನ ನೋಡಿದರೆ ಕವರು ಇರುತ್ತಿರಲಿಲ್ಲ, ಹೂವು ಮಾತ್ರ ಬುಡದ ಸುತ್ತ ಹರಡಿರುತ್ತಿತ್ತು. ಗಾಳಿಗೆ ಹಾರಿಹೋಗಿರಬೇಕು ಎಂದುಕೊಂಡು ಸುಮ್ಮನಾದೆ.

ಕೆಲವೇ ದಿನದಲ್ಲಿ ಯಾರೋ ಅಲ್ಲಿ ಗಾಜೊಡೆದ ದೇವರ ಫೋಟೋ ಒರಗಿಸಿ ಹೋದರು. ಇನ್ಯಾರೋ ಕಳಶದ ಕೊಳೆತ ಕಾಯಿ ಇಟ್ಟರು. ದೇವರ ಹೆಸರು ಅಲ್ಲಿಗೇ ಮುಗಿಯಿತು. ಹಳಸಿದ ಸಾರು ಬಂತು, ಮಗುವಿನ ಡೈಪರು ಬಂತು, ತಲೆದಿಂಬು ಬಂತು. ನಾಯಿಗಳು ಎಳೆದಾಡಿ ಬೀದಿಯೆಲ್ಲ ಗಬ್ಬೆದ್ದುಹೋಯಿತು. ನಾನು ಸದ್ದಿಲ್ಲದೆ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ.

ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದ ಮೇಲೆ ಕಸದ ಗುತ್ತಿಗೆಯ ಮೇಸ್ತ್ರಿ ಸ್ಕೂಟರಿನಲ್ಲಿ ಬಂದ. ಓನರಮ್ಮ ಗಾಡಿಯ ಹೆಂಗಸಿನತ್ತ ಕೈ ತೋರಿಸಿ, "ಇವ್ಳದೇ ಕೆಲಸ. ಹತ್ ಗಂಟೆಗೆ ಮನೆಗೋಗೋ ಅರ್ಜೆಂಟು, ಗಾಡಿ ಇಲ್ಲೇ ಖಾಲಿ ಮಾಡ್ತಾಳೆ" ಎಂದರು.

"ನಾನ್ಯಾಕ್ ಸುರೀಲಿ ಸ್ವಾಮಿ?" ಆಕೆ ಗಾಡಿ ಬಿಟ್ಟು ಮುಂದೆ ಬಂದಳು. "ಮೊದ್ಲು ಪೂಜೆ ಹೂವ ಇಡ್ತಿದ್ರು. ದೇವ್ರ್ ಹೂವಲ್ವಾ, ಯಾರಾದ್ರೂ ತುಳುದ್ಬುಟ್ಟಾರು ಅಂತ ನಾನೇ ಕವರ್ ಬಿಚ್ಚಿ ಬುಡಕ್ ಹಾಕಿ, ಕವರ್ ತಕ್ಕೊಂಡೋಗ್ತಿದ್ದೆ. ಅದ್ನ ನೋಡ್ಕೊಂಡು ಎಲ್ರೂ ಸುರ್ದ್ರು."

ನಾನು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳುತ್ತಿದ್ದೆ. ಯಾವ ಕೈಗೆ ಹೂವು ಸೋಕಬಾರದೆಂದು ಅಷ್ಟೆಲ್ಲ ಮಾಡಿದ್ದೆನೋ, ಅದೇ ಕೈ ದಿನಾ ಅದನ್ನು ನನಗಿಂತ ಜೋಪಾನವಾಗಿ ಮರದ ಬುಡಕ್ಕೆ ಸೇರಿಸಿತ್ತು.

"ಯಾರು ಇಡ್ತಿದ್ದಿದ್ದು?" ಎಂದ ಮೇಸ್ತ್ರಿ.

ಆಕೆ ನನ್ನನ್ನು ಒಂದು ಸಲ ನೋಡಿದಳು. ಗೊತ್ತಿತ್ತು ಆಕೆಗೆ. "ನಾ ಕಾಣೆ ಸ್ವಾಮಿ" ಎಂದಳು.

"ಮೇಡಂ, ನೀವೇನಾದ್ರೂ ನೋಡಿದ್ರಾ?" ಎಂದು ಅವನು ನನ್ನನ್ನು ಕೇಳಿದ.

"ಇಲ್ಲಪ್ಪ, ನಾವು ಹೊಸಬ್ರು" ಎಂದೆ. ಓನರಮ್ಮನ ಮುಂದೆ ಇನ್ನೊಂದು ಸಲ ಹಳ್ಳಿಯವಳಾಗುವುದು ನನಗೆ ಬೇಕಿರಲಿಲ್ಲ. ಅಷ್ಟೇ ಕಾರಣ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಮರುದಿನ ಗಾಡಿಗೆ ಆಕೆಯ ಬದಲು ಒಬ್ಬ ಗಂಡಸು ಬಂದ. ಆಕೆಯನ್ನು ಲಷ್ಕರ್ ಮೊಹಲ್ಲಾಕ್ಕೆ ಹಾಕಿದ್ದಾರೆ, ಎರಡು ಬಸ್ಸು ಬದಲಾಯಿಸಬೇಕು, ಗಂಡ ಸಂಜೆಯವರೆಗೂ ಒಂದೇ ಮಗ್ಗುಲಲ್ಲಿ ಬಿದ್ದಿರಬೇಕು ಎಂದು ಹೇಳಿದ. ಒಂದು ವಾರ ತಡೆದುಕೊಂಡೆ. ಅಷ್ಟರಲ್ಲಿ ಆಕೆಯ ಗಂಡನ ಬೆನ್ನು ಹುಣ್ಣಾಗಿದೆ ಎಂದೂ ಅವನೇ ಹೇಳಿದ. ಕೊನೆಗೆ, ಗಾಡಿಗಳು ಲಾರಿಗೆ ಕಸ ತುಂಬುವ ಕಡೆ ಹೋಗಿ ಮೇಸ್ತ್ರಿಯನ್ನು ಹುಡುಕಿ ನಿಂತೆ.

"ಹೂವು ಇಟ್ಟವಳು ನಾನು. ಆಕೆಯದೇನೂ ತಪ್ಪಿಲ್ಲ. ಮತ್ತೆ ನಮ್ಮ ಬೀದಿಗೇ ಹಾಕಿ" ಎಂದೆ.

ಅವನು ನನ್ನ ಹಣೆಯ ವಿಭೂತಿ ನೋಡಿ ನಕ್ಕ. "ಬುಡಿ ಮೇಡಂ. ನಿಮ್ಮಂತೋರು ಬೀದೀಲಿ ಕಸ ಆಕ್ತಾರಾ? ಪಾಪ ಅಂತ ಹೇಳ್ತಿದೀರಿ ನೀವು." ತಟ್ಟನೆ ಅವನ ಮುಖ ಗಂಟಿಕ್ಕಿತು. "ಅವ್ಳೇನಾದ್ರೂ ನಿಮ್ಮನೆ ಬಾಗ್ಲಿಗ್ ಬಂದಿದ್ಲಾ? ಹೇಳ್ಕೊಟ್ಟು ಕಳ್ಸವ್ಳಾ? ಅಂಗಿದ್ರೆ ಹೇಳಿ, ಇವತ್ತೇ ಅಲ್ಲಿಂದ್ಲೂ ಬುಡಿಸ್ತೀನಿ." ಜೇಬಿನಿಂದ ಫೋನು ತೆಗೆದ.

"ಇಲ್ಲ, ಇಲ್ಲ. ಆಕೆ ಬಂದಿಲ್ಲ. ನಾನೇ ಇಟ್ಟಿದ್ದೆ."

"ನೀವ್ ಸುಳ್ ಹೇಳೋದು, ಅವ್ಳು ಹೇಳ್ಸೋದು" ಎನ್ನುತ್ತ ಅವನು ನಂಬರು ಹುಡುಕತೊಡಗಿದ.

ಅವನ ಬೆರಳು ನೋಡುತ್ತ ನಿಂತೆ. ಬಾಯಿಗೆ ಬಂದದ್ದು ಒಂದೇ ಮಾತು. "ತಡೀರಿ, ಬೇರೆ ಯಾರೋ ಇರಬೇಕು. ನನಗೇ ಸರಿಯಾಗಿ ನೆನಪಿಲ್ಲ."

ಅವನಿಗೆ ಸಮಾಧಾನವಾಯಿತು. ಫೋನು ಜೇಬಿಗೆ ಹೋಯಿತು. "ನೀವ್ ಒಳ್ಳೇರು ಮೇಡಂ, ಅದುಕ್ಕೇ ಇಂತೋರು ಬಳಸ್ಕೋತಾರೆ" ಎಂದು, ಕೈಮುಗಿದು ಕಳಿಸಿಕೊಟ್ಟ.