ಗೌಸಣ್ಣನ ಲಾಂಚು, ಗಾಜಿನ ಮೀಟ್ರು

ಗೌಸಣ್ಣನ ಲಾಂಚಿನಲ್ಲಿ ಕೂತವರು ಯಾರೂ ತಾವು ಹೋಗುತ್ತಿರುವ ದಡವನ್ನು ನೋಡುತ್ತಿರಲಿಲ್ಲ. ಅವನು ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿರುತ್ತಿದ್ದ. ಹತ್ತಿದವರೆಲ್ಲ ಅವನ ಸುತ್ತ, ಇಂಜಿನ್ ಪೆಟ್ಟಿಗೆಯ ಮೇಲೆ, ಹಲಗೆಯ ಅಂಚಿನಲ್ಲಿ, ಅವನ ಕಡೆಗೇ ಮುಖ ಮಾಡಿ ಒತ್ತೊತ್ತಾಗಿ ಕೂರುತ್ತಿದ್ದರು. ಆ ಸದ್ದಿನಲ್ಲಿ ಅವನ ಕತೆ ಕೇಳಬೇಕಾದರೆ ಅಷ್ಟು ಹತ್ತಿರ ಹೋಗಲೇಬೇಕಿತ್ತು. ದಡ ಬಂತೆಂದು ಅವರಿಗೆ ಗೊತ್ತಾಗುತ್ತಿದ್ದದ್ದು ಲಾಂಚು ಮಣ್ಣಿಗೆ ತಾಗಿದಾಗಲೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂ.ಎಸ್ಸಿ. ಮುಗಿಸಿದ ನಾನು ತರೀಕೆರೆ ತಾಲ್ಲೂಕಿನಲ್ಲಿ, ಭದ್ರಾ ಹಿನ್ನೀರಿನ ದಡದ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋಗಿದ್ದೆ. ಬಾಡಿಗೆ ಮನೆ ಸಿಕ್ಕಿದ್ದು ಆಚೆ ದಡದಲ್ಲಿ. ಹಾಗಾಗಿ ದಿನಕ್ಕೆ ಎರಡು ಸಲ ಗೌಸಣ್ಣನ ದರ್ಶನ. ಕುಳ್ಳ, ಅಗಲ ಎದೆ, ಹೆಗಲ ಮೇಲೆ ಡೀಸೆಲ್ ವಾಸನೆಯ ಟವೆಲ್. ಬೆಳಿಗ್ಗೆ ಇಂಜಿನ್ ತಿರುಗಿಸುವ ಮುಂಚೆ ಅದರ ಮೇಲೆ ಅಂಗೈಯಿಟ್ಟು, "ಏನಪ್ಪಾ, ಎದ್ಯಾ?" ಎಂದು ಕೇಳುತ್ತಿದ್ದ. ಅವನಿಗೆ ಮೀಸೆ ಇತ್ತೆಂದು ನನ್ನ ನೆನಪು. ಇರಲೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಮುಖವೇ ಹೀಗಾದರೆ, ಮಾತುಗಳನ್ನು ನಾನು ಎಷ್ಟು ಸರಿಯಾಗಿ ಉಳಿಸಿಕೊಂಡಿದ್ದೇನೋ ಹೇಳಲಾರೆ.

ಅವನ ಕತೆಗಳಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ, ಮಾವ ಮತ್ತು ಹೋತದ್ದು. ಮದುವೆಯ ಊಟಕ್ಕೆಂದು ಅವನ ಸೋದರಮಾವ ಕಡೂರಿನಿಂದ ಒಂದು ಹೋತವನ್ನು ರೈಲಿನಲ್ಲಿ ತರೀಕೆರೆಗೆ ತರುತ್ತಿದ್ದನಂತೆ. ಬೀರೂರು ಜಂಕ್ಷನ್ನಿನಲ್ಲಿ ಟೀ ಕುಡಿಯಲು ಇಳಿದವನು ಬೇರೆ ರೈಲು ಹತ್ತಿ ಅಜ್ಜಂಪುರ ಸೇರಿದ. ಹೋತ ಮಾತ್ರ ಸರಿಯಾಗಿ ತರೀಕೆರೆಗೆ ಹೋಯಿತು. ಮಾವ ಅಜ್ಜಂಪುರದ ಪ್ಲಾಟ್‌ಫಾರ್ಮಿನಲ್ಲಿ ಕೂತು ಅತ್ತು, ಹೇಗೋ ಮದುವೆ ಮನೆ ತಲುಪುವಷ್ಟರಲ್ಲಿ ಅದು ಬಿರಿಯಾನಿಯಾಗಿರುತ್ತಿತ್ತು. ಮಾವ ಅತ್ತ ಬಗೆ ಪ್ರತಿ ಸಲವೂ ಬೇರೆ. ಬಿರಿಯಾನಿ ಮಾತ್ರ ಬದಲಾಗುತ್ತಿರಲಿಲ್ಲ.

ಒಂದು ವರ್ಷ ಡೀಸೆಲ್ ಸಿಗುವುದೇ ಕಷ್ಟವಾಯಿತು. ತರೀಕೆರೆಯಿಂದ ಅವನಿಗೆ ಬರುತ್ತಿದ್ದ ವಾರದ ಪಾಲಿಗೆ ಕತ್ತರಿ ಬಿತ್ತು. ವಾರ ಮುಗಿಯುವ ಮೊದಲೇ ಟ್ಯಾಂಕು ಬರಿದು.

"ಸಂಜೆ ಟ್ರಿಪ್ ನಿಲ್ಲಿಸ್ಬೇಕಾಯ್ತದೆ ಮೇಷ್ಟ್ರೇ," ಎಂದ ಗೌಸಣ್ಣ. ಅವತ್ತು ಅವನು ಕತೆ ಹೇಳಲಿಲ್ಲ.

ನನಗೆ ಆಚೆ ದಡದ ಹುಡುಗಿಯರ ಚಿಂತೆ ಹತ್ತಿತು. ನಮ್ಮ ಸ್ಕೂಲಿಗೆ ಬರುತ್ತಿದ್ದವರು ಬೆರಳೆಣಿಕೆಯಷ್ಟು. "ವಾಪಸ್ ಬರಕ್ಕೆ ಲಾಂಚೇ ಇಲ್ಲ ಅಂದ್ಮೇಲೆ ಇನ್ನೆಂಥ ಸ್ಕೂಲು?" ಎಂದು ಒಬ್ಬಳ ಅಪ್ಪ ಆಗಲೇ ಹೇಳಿಯಾಗಿತ್ತು.

ಪ್ರಯೋಗಾಲಯದಿಂದ ಗೆರೆ ಕೊರೆದ ಉದ್ದನೆಯ ಗಾಜಿನ ನಳಿಗೆಯೊಂದನ್ನು ತಂದೆ. ತರೀಕೆರೆಯ ಮೆಕ್ಯಾನಿಕ್ ಒಬ್ಬ ಅದನ್ನು ನಲ್ಲಿಯಿಟ್ಟು ಡೀಸೆಲ್ ಪೈಪಿಗೆ ಜೋಡಿಸಿಕೊಟ್ಟ. ನಲ್ಲಿ ತಿರುಗಿಸಿದರೆ ಇಂಜಿನ್ ಟ್ಯಾಂಕನ್ನು ಬಿಟ್ಟು ಗಾಜಿನಿಂದ ಕುಡಿಯುತ್ತಿತ್ತು. ಒಂದು ಗೆರೆಯಿಂದ ಇನ್ನೊಂದಕ್ಕೆ ಎಣ್ಣೆ ಇಳಿಯಲು ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡುತ್ತಿದ್ದೆ. ನಾನದನ್ನು ಫ್ಲೋ ಮೀಟರ್ ಎಂದೆ. ಜನ ಗಾಜಿನ ಮೀಟ್ರು ಎಂದರು.

ಮೊದಲ ಪಾಠ ಸುಲಭದ್ದು. ವೇಗ ತಗ್ಗಿಸಿದರೆ ಲಾಂಚಿನ ಮೂತಿ ಕೆಳಗಿಳಿದು, ಬೆನ್ನ ಹಿಂದಿನ ಅಲೆ ಸಣ್ಣದಾಗಿ, ಗಾಜಿನ ಎಣ್ಣೆಯೂ ನಿಧಾನವಾಗಿ ಇಳಿಯುತ್ತಿತ್ತು. ದಡ ಸೇರುವುದು ತುಸು ತಡವಾದರೂ ಲೆಕ್ಕದಲ್ಲಿ ಉಳಿತಾಯವೇ. "ಮೆಲ್ಲಗ್ ಹೋದ್ರೆ ಕತೆ ಉದ್ದ ಮಾಡ್ಬೋದು ಕಣ್ರೀ!" ಎಂದು ಗೌಸಣ್ಣ ಹಿಗ್ಗಿದ.

ಆದರೆ ಅದು ಸಾಲಲಿಲ್ಲ. ಬೆಳಿಗ್ಗೆ ತಾಳ್ಮೆಯಿಂದ ಇಳಿಯುತ್ತಿದ್ದ ಎಣ್ಣೆ, ಜನ ತುಂಬಿದ ಸಂಜೆ, ಅದೇ ವೇಗದಲ್ಲಿಯೂ, ಸರ್ರನೆ ಇಳಿಯುತ್ತಿತ್ತು. ಗೌಸಣ್ಣ ಗಾಳಿಯನ್ನು ಬೈದ, ನೀರಿನ ಕಳೆಯನ್ನು ಬೈದ, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆಂದ.

ಆಮೇಲೆ ಅವನಿಗೆ ಹಲ್ಲುನೋವು ಬಂತು. ದವಡೆಗೆ ಬಟ್ಟೆ ಕಟ್ಟಿಕೊಂಡು ಮೂಕನಾಗಿ ನಿಂತ ಆ ಸಂಜೆ ಅಷ್ಟೇ ಜನ, ಅದೇ ಗಾಳಿ. ಎಣ್ಣೆ ಮಾತ್ರ ಬೆಳಗಿನ ಹಾಗೆಯೇ ನಿಧಾನ. ಮಾರನೆಯ ಸಂಜೆ ನೋವು ಹೋಯಿತು, ಕತೆ ಬಂತು, ಎಣ್ಣೆ ಮತ್ತೆ ಓಡಿತು. ನಾನು ಗಡಿಯಾರವನ್ನೇ ಅನುಮಾನಿಸುತ್ತ ಕೂತಿದ್ದೆ.

ಮುಂತುದಿಯಲ್ಲಿ ಕೂತ ಚನ್ನಬಸಮ್ಮ ಅಲ್ಲಿಂದಲೇ ಕೂಗಿದಳು. ಅಜ್ಜಂಪುರದಿಂದ ಈರುಳ್ಳಿ ತಂದು ಆಚೆ ದಡದಲ್ಲಿ ಮಾರುವವಳು ಅವಳು. ಹೋತದ ಕತೆ ಬೇಡವೆಂದು ತನ್ನ ಚೀಲಗಳೊಂದಿಗೆ ಯಾವಾಗಲೂ ಮುಂದೆ ಒಬ್ಬಳೇ ಕೂರುತ್ತಿದ್ದಳು.

"ಲೇ ಗೌಸು, ನಿನ್ ಬಾಯಿಗೇ ಕಣೋ ಡೀಸೆಲ್ ಹೋಗ್ತಿರೋದು! ನಿನ್ನೆ ನೀ ಮೂಕ, ಎಲ್ಲಾ ಚೆದ್ರಿ ಕುಂತಿದ್ರು. ಇವತ್ತು ಕತೆ ಅಂತ ಎಲ್ಲಾ ನಿನ್ ಮ್ಯಾಲೇ ಬಿದ್ದವ್ರೆ. ನಿನ್ ಕಡೆ ಮುಳುಗೈತೆ, ನಾನಿಲ್ಲಿ ಆಕಾಶದಾಗ್ ಕುಂತಿವ್ನಿ!"

ಎಲ್ಲರೂ ನಕ್ಕರು. ಗೌಸಣ್ಣನೂ ನಕ್ಕ. ಆಮೇಲೆ ಗಾಜಿನ ಕಡೆ ನೋಡಿದ.

ಮುಂದೆ ಹೋಗಿ ಕೂರಿರೆಂದು ಹೇಳಿ ನೋಡಿದೆವು. ಹೋದವರು ಅರ್ಧ ದಾರಿಯಲ್ಲಿ, "ಆಮ್ಯಾಕೆ ಮಾವ ಏನ್ಮಾಡ್ದ ಗೌಸಣ್ಣ?" ಎಂದು ಒಬ್ಬೊಬ್ಬರೇ ಹಿಂದಕ್ಕೆ ಸರಿಯುತ್ತಿದ್ದರು. ಹಾಗೇ ಎರಡು ಮೂರು ದಿನ ಕಳೆಯಿತು. ಅವನು ನಿಜಕ್ಕೂ ಬಾಯಿ ಕಟ್ಟಿಕೊಂಡ. ಆದರೂ ಜನ ಅವನ ಸುತ್ತಲೇ ಕಾದು ಕೂತರು. ಕೊನೆಗೊಂದು ಸಂಜೆ, ನಾನು ನಂಬಿಕೊಂಡಿರುವಂತೆ ಅವನಾಗಿಯೇ, ಮುಂತುದಿಗೆ ಕೂಗಿದ.

"ಚನ್ನಬಸಕ್ಕಾ, ಅಜ್ಜಂಪುರ ನಿಮ್ಮೂರು ತಾನೇ? ನಮ್ ಮಾವ ಅಲ್ಲಿ ಏನ್ಮಾಡ್ದ ಅಂತ ನೀನೇ ಹೇಳ್ಬಿಡು."

"ನಿಂಗಿಂತ ಚೆಂದಾಗ್ ಹೇಳ್ತೀನಿ, ಬಾಯಿ ಮುಚ್ಕಂಡ್ ಲಾಂಚ್ ಬಿಡು."

ಜನ ಎದ್ದು ಮುಂದಕ್ಕೆ ಹೋದರು. ಎಲ್ಲರೂ ಅವಳ ಹತ್ತಿರವೇ ಮುಗಿಬಿದ್ದಾಗ ಮೂತಿ ಮುಳುಗಿ ಎಣ್ಣೆ ಮತ್ತೆ ಅವಸರ ಮಾಡಿತು. ಅವಳನ್ನು ಚೀಲಗಳ ಸಮೇತ ನಡುವಿನ ಹಲಗೆಗೆ ಕರೆತಂದೆವು. ಆಗ ಗಾಜು ಒಪ್ಪಿತು. ವಾರದ ಕೊನೆಗೂ ಟ್ಯಾಂಕಿನಲ್ಲಿ ಡೀಸೆಲ್ ಉಳಿಯಿತು, ಸಂಜೆಯ ಟ್ರಿಪ್ ಉಳಿಯಿತು, ಹುಡುಗಿಯರು ಸ್ಕೂಲು ಬಿಡಲಿಲ್ಲ. ಡೀಸೆಲ್ ಧಾರಾಳವಾಗಿ ಸಿಗುವ ಕಾಲ ಬಂದ ಮೇಲೂ ಜನ ಅವಳ ಸುತ್ತಲೇ ಕೂತರು. ಗೌಸಣ್ಣನ ಎದುರಿಗೆ ಉಳಿದದ್ದು ಬೆನ್ನುಗಳು.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಕಡೂರಿಗೆ ವರ್ಗವಾಯಿತು. ಕೊನೆಯ ಸಂಜೆ ನಾನೂ ನಡುವಿನ ಹಲಗೆಯ ಬಳಿಯೇ ಕೂತೆ. ಎಲ್ಲರೂ ಇಳಿದು ಹೋದ ಮೇಲೆ ಗೌಸಣ್ಣ ನನ್ನನ್ನು ನಿಲ್ಲಿಸಿಕೊಂಡ.

"ಮೇಷ್ಟ್ರೇ, ನಂಗೆ ಇಲ್ಲಿಗೆ ಏನೂ ಕೇಳ್ಸಲ್ಲ. ಎಲ್ರ ಬೆನ್ನು ಕುಲುಕೋದೊಂದೇ ಕಾಣ್ಸೋದು. ಅವ್ಳ ಕತೇಲಿ ಕೊನೆಗೆ ಏನಾಯ್ತದೆ?"

ನಾನು ಹೇಳಿದೆ. ಅಜ್ಜಂಪುರದವರು ಮಾವನನ್ನು ಅಳಲು ಬಿಡುವುದಿಲ್ಲ. ಊಟ ಹಾಕಿ, ಒಂದು ಚೀಲ ಈರುಳ್ಳಿ ಹೊರಿಸಿ ರೈಲು ಹತ್ತಿಸುತ್ತಾರೆ. ಮದುವೆಯಲ್ಲಿ ಈರುಳ್ಳಿ ಪಲ್ಯ ಬಡಿಸುತ್ತಾರೆ. ಒಬ್ಬನೇ ರೈಲಿನಲ್ಲಿ ಬಂದ ಹೋತಕ್ಕೆ ಹಾರ ಹಾಕಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ.

"ಕುಯ್ಯಲ್ವಾ?"

"ಇಲ್ಲ."

ಅವನು ಟವೆಲಿನಿಂದ ಗಾಜನ್ನು ಒರೆಸಿದ. "ನನ್ ಕತೇಲಿ ಇಷ್ಟ್ ವರ್ಷ ಬಿರಿಯಾನಿ ಆಯ್ತಿತ್ತು," ಎಂದ. ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಇರ್ಲಿ ಬಿಡಿ. ಬದುಕ್ಕಳ್ಲಿ," ಎಂದು ಲಾಂಚನ್ನು ನೀರಿಗೆ ತಳ್ಳಿದ.

ಮರುದಿನ ನಾವು ಸಾಮಾನಿನ ಲಾರಿಯಲ್ಲಿ ಕಾಡಿನ ಸುತ್ತುದಾರಿ ಹಿಡಿದೆವು. ಮತ್ತೆ ಅವನನ್ನು ನೋಡಲಿಲ್ಲ. ಆ ಸಂಜೆ ಖಾಲಿ ಲಾಂಚಿನ ಹಿಂತುದಿಯಲ್ಲಿ ನಿಂತು ವಾಪಸು ಹೋಗುತ್ತಿದ್ದವನ ಬಾಯಿ ಆಡುತ್ತಿದ್ದದ್ದು ನನಗೆ ಕಂಡಿತ್ತು. ಇಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಹೋತ ಬದುಕಿದ ಕತೆಯನ್ನೇ ಹೇಳಿ ನೋಡುತ್ತಿದ್ದನೆಂದು ನನ್ನ ಊಹೆ.